ಒಂದೇ ಜಗಲಿಯ ಮೇಲೆ ಮೂರು ಗಾಡಿ

ಗಾಡಿ ವ್ಯಾಪಾರಿಗಳ ಕರಡು ಪಟ್ಟಿಯನ್ನು ಪಟ್ಟಣ ಪಂಚಾಯಿತಿ ಕಚೇರಿಯ ನೋಟೀಸ್ ಬೋರ್ಡಿಗೆ ಅಂಟಿಸಿ ಹದಿನಾಲ್ಕು ದಿನವಾಗಿತ್ತು. ಬೀದಿ ಬದಿ ವ್ಯಾಪಾರಿಗಳು ಬೀದಿ ಬದಿಯಲ್ಲಿರುತ್ತಾರೆಯೇ ಹೊರತು ನೋಟೀಸ್ ಬೋರ್ಡಿನ ಬದಿಯಲ್ಲಿ ಇರುವುದಿಲ್ಲವಷ್ಟೆ. ಹಾಗಾಗಿ ಹದಿನೈದನೆಯ ದಿನ ಬೆಳಿಗ್ಗೆ ಹತ್ತೂವರೆಗೆ, ಮೊಬೈಲ್ ಕವರ್ ಮಾರುವ ವೀರೇಶ್ ಏದುಸಿರು ಬಿಡುತ್ತಾ ಬಂದು ಹೇಳುವ ತನಕ ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

“ಅನಿತಕ್ಕಾ, ನನ್ನ ಹೆಸರಿಗೆ ಕೆಂಪು ಗೀಟು ಹೊಡ್ದಿದಾರೆ! ವನಜಮ್ಮಂಗೂ ಹೊಡ್ದಿದಾರೆ!”

ಅನಿತಾ ತನ್ನ ಗಾಡಿಯ ಮುಂದೆ ನಿಂತು ಬೋಂಡಕ್ಕೆ ಆಲೂಗೆಡ್ಡೆ ಹಿಸುಕುತ್ತಿದ್ದಳು. ಕೈ ನಿಂತಿತು. “ನಂಗೆ?”

“ನಿಂದು ಹಸಿರು.”

ಈ ಉತ್ತರದಿಂದ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಮೂವರ ಹೆಸರನ್ನೂ ಒಟ್ಟಿಗೆ ಬರೆಸಿದವಳು ಅವಳೇ. ಅವಳು ಗ್ಯಾಸ್ ಆರಿಸಿ, ಗಾಡಿಗೆ ಟಾರ್ಪಾಲು ಹೊದಿಸಿ, ಕೈಗೆ ಮೆತ್ತಿದ್ದ ಆಲೂಗೆಡ್ಡೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕಚೇರಿಯ ಕಡೆ ಓಡಿದಳು.

ಕಚೇರಿಯ ಗುಮಾಸ್ತನ ಹೆಸರು ಸಿದ್ದಾರ್ಥ. ಬುದ್ಧನಾದ ಸಿದ್ಧಾರ್ಥ ಅರಮನೆಯನ್ನೇ ಬಿಟ್ಟು ಎದ್ದುಹೋದ. ಇವನು ಕುರ್ಚಿ ಬಿಟ್ಟೂ ಏಳುವವನಲ್ಲ. ಕೂತಲ್ಲಿಂದಲೇ ಕಂಪ್ಯೂಟರಿನ ಪರದೆಯನ್ನು ಅನಿತಾಳ ಕಡೆ ಅರ್ಧ ತಿರುಗಿಸಿ, ಶಾಲೆಯಲ್ಲಿ ಹಾಜರಿ ಕರೆಯುವ ಮೇಷ್ಟರ ರಾಗದಲ್ಲಿ ಓದಿದ.

“ನಂಬರ್ ಇಪ್ಪತ್ತೇಳು, ಅನಿತಾ, ಬೋಂಡ. ಸ್ಥಳ, ಜಯದೇವಪ್ಪನವರ ಗೊಬ್ಬರದ ಅಂಗಡಿ ಜಗಲಿ. ಇಪ್ಪತ್ತೆಂಟು, ವನಜಮ್ಮ, ಹೂವು. ಸ್ಥಳ, ಜಯದೇವಪ್ಪನವರ ಗೊಬ್ಬರದ ಅಂಗಡಿ ಜಗಲಿ. ಇಪ್ಪತ್ತೊಂಬತ್ತು, ವೀರೇಶ್, ಮೊಬೈಲ್ ಸಾಮಾನು. ಸ್ಥಳ…”

“ಜಯದೇವಪ್ಪನವರ ಗೊಬ್ಬರದ ಅಂಗಡಿ ಜಗಲಿ,” ಎಂದು ಅನಿತಾ ಅದೇ ರಾಗದಲ್ಲಿ ಮುಗಿಸಿದಳು. ಬೇಕೆಂದು ಮಾಡಿದ್ದಲ್ಲ, ಎದುರಿಗಿದ್ದವರ ದನಿ ಅವಳ ಬಾಯಿಗೆ ಹಾಗೇ ಅಂಟಿಕೊಳ್ಳುತ್ತಿತ್ತು.

ಸಿದ್ದಾರ್ಥ ಅನುಮಾನದಿಂದ ನೋಡಿದ. “ನೀವೇ ಹೇಳಿ. ಒಂದು ಗಾಡಿ ಜಾಗದಲ್ಲಿ ಮೂರು ಗಾಡಿ ಹೆಂಗ್ ನಿಲ್ಸೋದು? ಇಡ್ಲಿ ತಟ್ಟೆ ತರ ಒಂದರ ಮೇಲೊಂದು ಇಡ್ತೀರಾ? ಕಂಪ್ಯೂಟರು ಮೊದಲ್ನೇದನ್ನ ಇಟ್ಕೊಂಡು ಉಳಿದೆರಡನ್ನ ನಕಲು ಅಂತ ತೆಗ್ದಿದೆ. ನಿಮ್ದು ಮೊದಲ್ನೇದು. ನಿಮಗೆಂತ ತೊಂದರೆ?”

“ಅವ್ರಿಬ್ಬರು?”

“ಪಟ್ಟೀಲಿಲ್ಲ ಅಂದ್ಮೇಲೆ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇಲ್ಲದ ಗಾಡಿ ಬರೋ ತಿಂಗಳಿಂದ ರಸ್ತೇಲಿ ನಿಲ್ಲೋ ಹಾಗಿಲ್ಲ.”

ಈ ಎಡವಟ್ಟು ಆಗಿದ್ದು ಆಷಾಢದಲ್ಲಿ. ಆ ರಸ್ತೆಯ ಗಾಡಿಗಳಿಗೆ ವರ್ಷಕ್ಕೆ ಎರಡು ಜಾಗ. ಜೂನ್ ಹತ್ತಿರವಾಯಿತೆಂದರೆ ಒಂದೊಂದು ಗಾಡಿಯೂ ಒಂದೊಂದು ಅಂಗಡಿಯ ಸೂರಿನಡಿ ನುಗ್ಗುತ್ತದೆ. ದೀಪಾವಳಿಯ ಹೊತ್ತಿಗೆ ಮತ್ತೆ ಹೊರಗೆ ಬಂದು ತನ್ನ ಮೂಲಸ್ಥಾನದಲ್ಲಿ ನಿಲ್ಲುತ್ತದೆ. ಇದಕ್ಕೆಲ್ಲ ಅರ್ಜಿಯಿಲ್ಲ, ಅಂಗಡಿಯವರ ಮರ್ಜಿ ಅಷ್ಟೆ. ಅನಿತಾಳ ಮೂಲಸ್ಥಾನ ರಸ್ತೆ ತಿರುಗುವ ಮೂಲೆ. ಮಳೆಗಾಲದ ಜಾಗ ಜಯದೇವಪ್ಪನವರ ಜಗಲಿ. ವನಜಮ್ಮನದು ಮೂಲೆಯ ಎದುರಿಗೆ, ವೀರೇಶನದು ಬಸ್‌ಸ್ಟ್ಯಾಂಡಿನ ಬಾಗಿಲ ಹತ್ತಿರ. ಅವರಿಬ್ಬರ ಮಳೆಗಾಲದ ಸೂರುಗಳೂ ಬೇರೆ ಬೇರೆ.

ಸಮೀಕ್ಷೆಗೆ ಬಂದಿದ್ದ ಹುಡುಗಿ ಕಡೂರು ಕಡೆಯವಳು, ಗುತ್ತಿಗೆ ಕೆಲಸದವಳು. ಹೆಸರು ಮೇಘನ. ಹೆಸರಿಗೆ ತಕ್ಕಂತೆ ಬರಿಗೈಯಲ್ಲಿ ಬರಲಿಲ್ಲ. ಅವತ್ತು ಸುರಿದ ಮಳೆಗೆ ಅವಳ ಕೊಡೆ ಹೂವಿನಂತೆ ಮೇಲ್ಮುಖವಾಗಿ ಅರಳಿಹೋಗಿತ್ತು. ಫೋನನ್ನು ಹಾಲಿನ ಪ್ಯಾಕೆಟ್ಟಿನ ಕವರಿನೊಳಗೆ ತುರುಕಿ ಎದೆಗವಚಿಕೊಂಡು, ಕೋಳಿಮರಿಯ ಹಾಗೆ ನಡುಗುತ್ತಾ ಜಗಲಿ ಹತ್ತಿದ್ದಳು. ಅನಿತಾಳ ಫೋಟೋ ಮುಗಿಯಿತು. ಇನ್ನು ಎದುರು ಸಾಲಿಗೆ ಹೋಗಬೇಕು ಎನ್ನುವಾಗ ಅನಿತಾ ತಡೆದಳು. ಬಿಸಿ ಬೋಂಡದ ತಟ್ಟೆಯನ್ನು ಹುಡುಗಿಯ ಕೈಗೆ ಕೊಟ್ಟು ರಸ್ತೆಗೆ ಕೇಳುವಂತೆ ಕೂಗಿದಳು: “ಪಾಪ, ಈ ಹುಡ್ಗಿ ನೆಂದು ಮುದ್ದೆಯಾಗಿದೆ ಮಾರಾಯ್ರೆ! ನೀವೇ ಗಾಡಿ ತಗಂಡು ಇಲ್ಲಿ ಬನ್ನಿ!”

ಬಂದರು. ವೀರೇಶ್ ತನ್ನ ಗಾಡಿಯನ್ನೂ ವನಜಮ್ಮನ ಗಾಡಿಯನ್ನೂ ತಳ್ಳಿಕೊಂಡು ಬಂದ. ಒಂದು ಗಾಡಿ ಇಳಿಸಿ ಒಂದು ಹತ್ತಿಸಿ, ಮದುವೆ ಮನೆಯಲ್ಲಿ ವಧೂವರರ ಪಕ್ಕ ಸರದಿಯಲ್ಲಿ ನಿಲ್ಲುವವರಂತೆ ನಿಂತು ಫೋಟೋ ತೆಗೆಸಿಕೊಂಡರು. “ಇದೇ ನಿಮ್ಮ ಜಾಗನಾ?” ಎಂದು ಮೇಘನ ಬಾಯಿತುಂಬ ಬೋಂಡ ಇಟ್ಟುಕೊಂಡು ಕೇಳಿದಾಗ, ಚಳಿಯಲ್ಲಿ ನಡುಗುವ ಹುಡುಗಿಗೆ ಇಲ್ಲವೆನ್ನುವುದು ಹೇಗೆ ಎಂದು ಇಬ್ಬರೂ ಹೌದೆಂದು ತಲೆಯಾಡಿಸಿದ್ದರು. ಫೋನಿನೊಳಗಿನ ಆಪ್ ಜಗಲಿಯ ಅಕ್ಷಾಂಶ ರೇಖಾಂಶಗಳನ್ನು ಮೂರು ಸಲ ಬರೆದುಕೊಂಡಿತು. ಆಪ್ ಎಂಬುದು ಆಪತ್ತಿನ ಮೊದಲ ಅರ್ಧ ಎಂದು ಆಗ ಯಾರಿಗೆ ಗೊತ್ತಿತ್ತು?

“ಸರಿ ಮಾಡಕ್ಕೆ ದಾರಿನೇ ಇಲ್ವಾ?” ಅನಿತಾ ಸಿದ್ದಾರ್ಥನ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಇದೆ. ಮೊದಲು ನಿಮ್ಮ ಇಪ್ಪತ್ತೇಳನ್ನ ರದ್ದು ಮಾಡ್ಬೇಕು. ಆಗ ಮೂರೂ ಬಿಚ್ಕೊಳ್ತವೆ. ಆಮೇಲೆ ಸಮೀಕ್ಷೆ ಮಾಡಿದ ಮೇಡಮ್ಮೇ ಬಂದು, ಅವರವರ ಜಾಗದಲ್ಲಿ ನಿಲ್ಸಿ ಮೂರನ್ನೂ ಹೊಸದಾಗಿ ಹಾಕ್ಬೇಕು. ಅವರು ಇವತ್ತು ಶೃಂಗೇರೀಲಿದಾರೆ. ಇಲ್ಲಿ ಸಂಜೆ ಐದಕ್ಕೆ ಪಟ್ಟಿ ಲಾಕ್.”

“ಐದರೊಳಗೆ ಆಗ್ಲಿಲ್ಲ ಅಂದ್ರೆ?”

“ರದ್ದಾಗಿದ್ದು ರದ್ದೇ. ನೀವೂ ಮುಂದಿನ ಸಮೀಕ್ಷೆಗೆ ಕಾಯ್ಬೇಕು.”

“ಅದು ಯಾವಾಗ?”

ಸಿದ್ದಾರ್ಥ ಮೇಲೆ ಫ್ಯಾನಿನ ಕಡೆ ನೋಡಿದ. ಅದು ತಿರುಗುತ್ತಲೇ ಇತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ.

ರಸ್ತೆಗೆ ವಾಪಸ್ ಬಂದರೆ ಜಯದೇವಪ್ಪ ಅಂಗಡಿಯ ಜಗಲಿಯ ಮೇಲೆ ನಿಂತು ನಗುತ್ತಿದ್ದರು. ನರಸಿಂಹರಾಜಪುರದಿಂದ ಬಂದು ಇಲ್ಲಿ ಗೊಬ್ಬರದ ವ್ಯಾಪಾರಕ್ಕೆ ನಿಂತು ಇಪ್ಪತ್ತು ವರ್ಷವಾದ ಮನುಷ್ಯ; ಸುದ್ದಿ ಅವರಿಗೆ ಅನಿತಾಳಿಗಿಂತ ಮೊದಲೇ ಮುಟ್ಟಿತ್ತು.

“ಏನ್ ತಾಯಿ, ನಮ್ಮ ಜಗಲಿ ನಿನ್ನ ಹೆಸರಿಗೆ ಆಯ್ತಂತೆ!”

“ತಪ್ಪಾಗಿದೆ ಅಣ್ಣ. ಸರಿ ಮಾಡಿಸ್ತೀನಿ.”

“ಯಾಕೆ ಮಾಡಿಸ್ತೀ? ಮಳೆಗಾಲದಲ್ಲಿ ಇದ್ದಂಗೆ ಬೇಸಿಗೇಲೂ ಇರು. ನನ್ನ ಗೊಬ್ಬರದ ವಾಸನೆಗೆ ನಿನ್ನ ಬೋಂಡದ ವಾಸನೆ ವಾಸಿ. ಹಸಿರು ಬಂದಿದೆಯಂತಲ್ಲ, ಸುಮ್ನೆ ಕೂತ್ಕೊ.”

ಸುಮ್ಮನೆ ಕೂರಬಹುದಿತ್ತು. ನೆರಳು, ಸೂರು, ನಂಬರು ಮೂರೂ ಕುಳಿತಲ್ಲೇ ಸಿಕ್ಕಿದ್ದವು. ಅವಳ ಗಂಡ ಸಂತೋಷ, ಬಸರೀಕಟ್ಟೆ ಕಡೆ ಎಸ್ಟೇಟಿನ ಜೀಪು ಓಡಿಸುವವನು, ಫೋನಿನಲ್ಲಿ ಅದನ್ನೇ ಹೇಳಿದ. ಅನಿತಾ ‘ಹೂಂ’ ಅಂದಳು. ಆದರೆ ಕಾಲು ಮಾತ್ರ ಎದುರು ಸಾಲಿಗೆ ನಡೆದಿತ್ತು.

ವನಜಮ್ಮ ಸೇವಂತಿಗೆ ಕಟ್ಟುತ್ತಿದ್ದರು. ತಲೆಯೆತ್ತಲಿಲ್ಲ. ಅರವತ್ತೆಂಟರ ಬೆರಳುಗಳು ದಾರದಲ್ಲಿ ಓಡುತ್ತಿದ್ದವು.

“ನನ್ನ ಹೆಸರು ತೆಗ್ದಾರಂತೆ, ಹೌದನ?”

“ಹೌದು.”

“ಎಂತಕ್ಕಂತೆ?”

“ನಾನು ಅವತ್ತು ನಿಮ್ಮನ್ನ ಜಗಲಿಗೆ ಕರ್ದೆ ಅಂತ.”

ವನಜಮ್ಮ ಒಂದು ಹೂವಿನ ತೊಟ್ಟು ಮುರಿದು ಬಿಸಾಡಿದರು. “ಅವತ್ತು ನಂಗೂ ಎರಡು ಬೋಂಡ ಕೊಟ್ಟಿದ್ಯಲ. ಅದೂ ಪಟ್ಟೀಲಿ ಬಂದಿದ್ಯ ನೋಡ್ದ್ಯ?”

ಬೈದಿದ್ದರೆ ಚೆನ್ನಾಗಿತ್ತು. ಅನಿತಾ ಮೇಘನಳ ನಂಬರಿಗೆ ಐದು ಸಲ ಫೋನ್ ಮಾಡಿದಳು. ಐದು ಸಲವೂ ಬೇರೆ ಕರೆಯಲ್ಲಿದ್ದಾರೆ ಎಂಬ ಹೆಂಗಸಿನ ದನಿ. ಆರನೆಯ ಸಲಕ್ಕೆ ಆ ಹೆಂಗಸಿಗಿಂತ ಮೊದಲೇ ತಾನೇ “ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ” ಎಂದು ರಾಗವಾಗಿ ಹೇಳಿ ಫೋನಿಟ್ಟಳು. ವೀರೇಶನಿಗೆ, “ನಿನ್ನ ಗಾಡಿ, ವನಜಮ್ಮನ ಗಾಡಿ, ನನ್ನ ಗಾಡಿ, ಒಂದೂ ಅಲ್ಲಾಡಬಾರದು. ಯಾವ ಕಾರಿನವ್ನಿಗೂ ಜಾಗ ಕೊಡ್ಬೇಡ. ಐದರೊಳಗೆ ಬರ್ತೀನಿ,” ಎಂದವಳೇ ಬಸ್‌ಸ್ಟ್ಯಾಂಡಿನೊಳಗೆ ನುಗ್ಗಿದಳು.

“ಹರಿಹರಪುರ ಶೃಂಗೇರಿ, ಶೃಂಗೇರಿ, ಶೃಂಗೇರೀ! ಸೀಟಿದೆ ಬನ್ನಿ, ಸೀಟಿದೆ!” ಎಂದು ಕಂಡಕ್ಟರ್ ಮೂಗಿನಲ್ಲಿ ಕೂಗುತ್ತಿದ್ದ.

ಅನಿತಾ ಹತ್ತಿ ನೋಡಿದರೆ ನಿಲ್ಲಲೂ ಜಾಗವಿಲ್ಲ. “ಎಲ್ಲಿದೆ ಮಾರಾಯ ಸೀಟು?”

“ಹರಿಹರಪುರದಲ್ಲಿ ಇಳೀತಾರಲ್ಲಕ್ಕ, ಅವರ ಕೆಳಗಿದೆ.”

ಹರಿಹರಪುರದಲ್ಲಿ ಇಳಿದವರು ಮೂವರು, ಹತ್ತಿದವರು ಒಂಬತ್ತು. ಬಸ್ಸು ಪ್ರತಿ ತಿರುವಿನಲ್ಲೂ ಒಬ್ಬ ಪರಿಚಯದವನನ್ನು ಕಂಡು ನಿಲ್ಲುತ್ತಿತ್ತು. ಒಂದು ಕಡೆ ಡ್ರೈವರ್ ಕಿಟಕಿಯಿಂದ ಕೈಚಾಚಿ ಯಾರಿಗೋ ಔಷಧಿಯ ಪೊಟ್ಟಣ ಕೊಟ್ಟು, ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನೂ ವಿವರಿಸಿದ. ಬೇರೆ ದಿನವಾಗಿದ್ದರೆ ಅನಿತಾ ಇವರೆಲ್ಲರ ದನಿಯನ್ನು ಹೊತ್ತುಕೊಂಡು ಹೋಗಿ ಸಂಜೆ ಗಾಡಿಯ ಮುಂದೆ ಗಿರಾಕಿಗಳಿಗೆ ಬಡಿಸುತ್ತಿದ್ದಳು. ಇವತ್ತು ನಿಂತಲ್ಲೇ ಬಲಗಾಲಿನಿಂದ ಇಲ್ಲದ ಆಕ್ಸಲರೇಟರ್ ಒತ್ತುತ್ತಿದ್ದಳು. ಪಕ್ಕದ ಸೀಟಿನ ಯಜಮಾನರು ತಮ್ಮ ಚಪ್ಪಲಿಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡರು.

ಶೃಂಗೇರಿ ಮುಟ್ಟುವಾಗ ಒಂದು ಗಂಟೆಗೆ ಹತ್ತು ನಿಮಿಷ. ದೇವಸ್ಥಾನದ ರಸ್ತೆಯಲ್ಲಿ ಬಳೆ, ಆಟದ ಸಾಮಾನು, ಕಡಲೆಕಾಯಿಯ ಗಾಡಿಗಳ ನಡುವೆ ಜನ ಗುಂಪುಗಟ್ಟಿದ್ದರು. ನಡುವೆ ಮೇಘನ, ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಅರ್ಧ ತಿಂದ ಬಾಳೆಹಣ್ಣು.

“ಓಹ್, ಬೋಂಡ ಅಕ್ಕ!” ಎಂದಳು ಖುಷಿಯಿಂದ. ವಿಷಯ ಕೇಳುತ್ತಾ ಕೇಳುತ್ತಾ ಬಾಳೆಹಣ್ಣು ಕೆಳಗಿಳಿಯಿತು. “ಅಯ್ಯೋ, ನೀವೇ ತಾನೆ ಅಕ್ಕ ಹೇಳಿದ್ದು, ಇದೇ ಜಾಗ ಅಂತ?”

“ಹೇಳಿದ್ವು ಮಾರಾಯ್ತಿ. ಆ ಮಳೇಲಿ ಜಾಗ ಯಾವ್ದು ಅಂತ ಕೇಳಿದ್ರೆ ಯಾರಾದ್ರೂ ನೆನೆಯದ ಜಾಗನೇ ಹೇಳದು. ಈಗ ಬಾ.”

“ಇಲ್ಲಿ ಇನ್ನೂ ಹನ್ನೊಂದು ಜನ ಇದಾರಲ್ರೀ. ಮುಗಿಸ್ದೆ ಹೆಂಗ್ ಬರ್ಲಿ?”

ಹನ್ನೊಂದು ಜನ. ಒಬ್ಬೊಬ್ಬರೂ ಆಧಾರ್ ಕಾರ್ಡಿಗಾಗಿ ಮನೆಗೆ ಫೋನ್ ಮಾಡುವವರು, ಅಂಗಿ ಬದಲಾಯಿಸಿ ಬರುತ್ತೇನೆ ಎನ್ನುವವರು. ಅನಿತಾ ಸೆರಗು ಸಿಕ್ಕಿಸಿಕೊಂಡಳು. ಸಾಲಿನ ಮುಂದೆ ನಿಂತು, ಬೆಳಿಗ್ಗೆ ಕೇಳಿದ ಸಿದ್ದಾರ್ಥನ ದನಿಯನ್ನು ಗಂಟಲಿಗೆ ಏರಿಸಿಕೊಂಡು ಶುರುಮಾಡಿದಳು: “ನಂಬರ್ ಒಂದು! ಹೆಸರು, ಆಧಾರ್, ಗಾಡಿ! ಜಾಗ ಯಾವ್ದು? ಮಳೆಗಾಲದ್ದಲ್ಲ, ಬೇಸಿಗೇದು ಹೇಳಿ! ಯಾರದ್ದೋ ಜಗಲಿ ಹೇಳಿದ್ರೆ ನೋಡಿ ಮತ್ತೆ!” ಕಡಲೆಕಾಯಿಯವನು ಅವಳನ್ನು ಯಾವುದೋ ದೊಡ್ಡ ಮೇಡಂ ಎಂದುಕೊಂಡು ಬಾಯಿಂದ ಎಲೆಅಡಿಕೆ ಉಗುಳಿ ಬಂದು ನೆಟ್ಟಗೆ ನಿಂತ. ಎಲ್ಲ ಮುಗಿದಾಗ ಮೂರೂ ಹತ್ತು.

“ರದ್ದು ಮಾಡಿದ್ಮೇಲೆ ನಕಲುಗಳು ಬಿಚ್ಕೊಳ್ಳೋಕೆ ಒಂದು ಗಂಟೆ ಹಿಡಿಯುತ್ತೆ ಅಕ್ಕ,” ಎಂದಳು ಮೇಘನ. “ಅದಕ್ಕೇ ಇಲ್ಲೇ ಮಾಡ್ಬೇಕು. ನಿಮ್ಮ ಫೋನಿಗೆ ಓಟಿಪಿ ಬರುತ್ತೆ, ಹೇಳಿ.”

“ದಾರೀಲಿ ನಿನ್ನ ಸ್ಕೂಟಿ ಪಂಕ್ಚರ್ ಆದ್ರೆ?”

“ಆಗ ಮೂರೂ ಜನ ಪಟ್ಟೀಲಿರಲ್ಲ.” ಹುಡುಗಿ ದನಿ ತಗ್ಗಿಸಿದಳು. “ಹೇಳ್ದೇ ಇದ್ರೆ ನೀವೊಬ್ಬರು ಇರ್ತೀರ. ನಾನು ಯಾರಿಗೂ ಹೇಳಲ್ಲ ಅಕ್ಕ, ಯೋಚ್ನೆ ಮಾಡಿ.”

ಫೋನ್ ಕಿಣಿಕಿಣಿ ಎಂದಿತು. ಆರು ಅಂಕೆ. ಅನಿತಾ ಓದತೊಡಗಿದಳು. “ನಾಕು. ಒಂಬತ್ತು. ಒಂದು. ಒಂದು. ಏಳು.” ನಿಂತಳು. ಆರನೆಯ ಅಂಕೆ ಎದುರಿಗೇ ಇತ್ತು, ಬಾಯಿಗೆ ಬರಲಿಲ್ಲ. ಹನ್ನೆರಡು ವರ್ಷದ ಮೂಲೆ. ಅದಕ್ಕಿಂತ ಮೊದಲು ಯಾರ ಯಾರದೋ ತೋಟದಲ್ಲಿ ಅಡಿಕೆ ಸುಲಿದು ಕಪ್ಪಾದ ಬೆರಳುಗಳು. ಜಗಲಿಯ ಮೇಲೆ ನಿಂತು ನಗುವ ಜಯದೇವಪ್ಪ, ನೆರಳು, ಸುಮ್ನೆ ಕೂತ್ಕೊ. ಮೇಘನ ಪರದೆಯನ್ನು ನೋಡುತ್ತಾ, “ಇಪ್ಪತ್ತು ಸೆಕೆಂಡ್ ಇದೆ,” ಎಂದಳು. ಕಣ್ಣ ಮುಂದೆ ತೊಟ್ಟು ಮುರಿಯುವ ಎರಡು ಬೆರಳು ಬಂದವು. ಬಗ್ಗಿಯೇ ಇದ್ದ ಒಂದು ತಲೆ.

“ಮೂರು,” ಎಂದಳು ಅನಿತಾ.

ಪರದೆಯ ಮೇಲಿನ ಹಸಿರು ಬೂದು ಬಣ್ಣಕ್ಕೆ ತಿರುಗಿತು.

ಆಮೇಲಿನದು ಸವಾರಿಯಲ್ಲ, ಹಿಂಸೆ. ಸ್ಕೂಟಿಯ ಹಿಂದೆ ಕೂತ ಅನಿತಾ ತಿರುವಿನಲ್ಲೆಲ್ಲ ಹುಡುಗಿಯ ಭುಜ ಹಿಂಡುತ್ತಿದ್ದಳು. “ಅಕ್ಕ, ಅದು ಬ್ರೇಕಲ್ಲ, ನನ್ನ ಭುಜ!” ಒಂದು ಸೌದೆ ಲಾರಿ ರಸ್ತೆಯ ನಡುವನ್ನೇ ಪಿತ್ರಾರ್ಜಿತವೆಂಬಂತೆ ಹಿಡಿದುಕೊಂಡು ತೆವಳುತ್ತಿತ್ತು. ಮೇಘನ ಹಾರ್ನ್ ಒತ್ತಿದಳು; ಸ್ಕೂಟಿ ಸೊಳ್ಳೆಯ ಹಾಗೆ ಗುಂಯ್ ಎಂದಿತು. ಅನಿತಾ ಎರಡೂ ಕೈ ಬಾಯಿಗೆ ಹಿಡಿದು ಆಂಬುಲೆನ್ಸಿನ ಹಾಗೆ ಕೂಗಿದಳು. ಲಾರಿ ಗಾಬರಿಯಾಗಿ ಬದಿಗೆ ಸರಿಯಿತು. ದಾಟುವಾಗ ಡ್ರೈವರ್ ತಲೆ ಹೊರಹಾಕಿ ಏನೇನೋ ಅಂದ. ಪೇಷೆಂಟು ಎಲ್ಲಿ ಎಂದು ಕೇಳಿದ ಹಾಗಿತ್ತು.

ಕೊಪ್ಪ ಸೇರಿದಾಗ ನಾಲ್ಕು ಮೂವತ್ತೇಳು.

ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ವೀರೇಶ್ ತಲೆ ಬಾಚಿ, ಪೌಡರು ಹಾಕಿ ತಯಾರಾಗಿದ್ದ. ಫೋಟೋ ತೆಗೆದದ್ದು ಅರ್ಧ ನಿಮಿಷ. ಅದು ಮೇಲೆ ಹೋಗಲು ಮಾತ್ರ ಪರದೆಯ ಮೇಲೊಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಶಾಲೆ ಬಿಟ್ಟು ಊರಿನ ಮಕ್ಕಳೆಲ್ಲ ಫೋನಿಗೆ ಬಿದ್ದ ಹೊತ್ತು. ಮೊದಲನೆಯದು ಹೋಗದೆ ಎರಡನೆಯದನ್ನು ಆಪ್ ತೆರೆಯುವುದಿಲ್ಲ. ಅನಿತಾ ಫೋನಿನ ಸುತ್ತ ಪ್ರದಕ್ಷಿಣೆ ಹಾಕಿದಳು. ಕೊನೆಗೆ ಹಸಿರು ಬಂತು. ವೀರೇಶ್ ಸೇರಿದ.

ಓಡುತ್ತಾ ಮೂಲೆಗೆ ಬಂದರು. ನಾಲ್ಕು ನಲವತ್ತೇಳು. ಈ ಬದಿಗೆ ಅನಿತಾಳ ಗಾಡಿ, ಎದುರಿಗೆ ವನಜಮ್ಮನದು. ಮೇಘನ ರಸ್ತೆಯ ನಡುವೆ ನಿಂತುಬಿಟ್ಟಳು.

“ಒಂದಕ್ಕೆ ಹತ್ತು ನಿಮಿಷ ತಗೊಳ್ತಿದೆ. ಇನ್ನು ಒಂದೇ ಹೋಗೋದು ಅಕ್ಕ.”

ಇಬ್ಬರೂ ಕೇಳಿಸಿಕೊಂಡರು.

“ವನಜಮ್ಮಂದು ತೆಗಿ,” ಎಂದಳು ಅನಿತಾ.

“ಏ, ಅವಳದ್ದು ತೆಗಿ,” ಎಂದರು ವನಜಮ್ಮ. “ನಾನು ಹೂ ಮಾರದು ಇನ್ನೆಷ್ಟು ದಿನ? ಬರೋ ವರ್ಷ ಬಿಡದೇ.”

“ಹೋದ ವರ್ಷನೂ ಹಿಂಗೇ ಹೇಳಿದ್ರಿ. ಅದರ ಹಿಂದಿನ ವರ್ಷನೂ.”

“ಹೇಳದು ನನ್ನ ಕೆಲಸ. ಬಿಡಲಿಲ್ಲ ಅಂದ್ರೆ ನಾನೆಂತ ಮಾಡ್ಲಿ?”

“ಜಗಲಿಗೆ ಕರ್ದೋಳು ನಾನು!”

“ಬಂದೋಳು ನಾನಲ್ದ? ನನ್ನ ಕಾಲಿಗೆ ಹಗ್ಗ ಕಟ್ಟಿ ಎಳ್ದ್ಯ?”

“ಅಜ್ಜೀ, ಅಕ್ಕಾ, ಜಗಳ ಐದು ಗಂಟೆ ಮೇಲೆ ಆಡಿ!” ಎಂದು ಮೇಘನ ಕಿರುಚಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅನಿತಾ ಹುಡುಗಿಯ ಭುಜ ಹಿಡಿದು ಹೂವಿನ ಗಾಡಿಯ ಕಡೆ ತಿರುಗಿಸಿ, ಬೆನ್ನಿಗೆ ಕೈ ಕೊಟ್ಟು ದಬ್ಬಿದಳು. ವನಜಮ್ಮ ಬಾಯಿ ತೆರೆಯುವಷ್ಟರಲ್ಲಿ ಫೋಟೋ ಆಗಿಹೋಗಿತ್ತು. ಪಟ್ಟಿಯಲ್ಲಿ ಇವತ್ತಿಗೂ ಅವರು ಬಾಯಿ ತೆರೆದೇ ಇದ್ದಾರೆ. ಮೇಘನ ಒಂದೊಂದೇ ಪ್ರಶ್ನೆ ಓದುತ್ತಾ ಒತ್ತತೊಡಗಿದಳು. ಹೆಸರು, ವಯಸ್ಸು, ಎಷ್ಟು ವರ್ಷದಿಂದ.

“ಸಹಾಯಕರು ಇದ್ರೆ ಅವರ ಹೆಸರು. ಯಾರೂ ಇಲ್ಲ ಅಲ್ವಾ ಅಜ್ಜಿ? ಇಲ್ಲ ಅಂತ ಒತ್ತಲಾ?”

ವನಜಮ್ಮ ದಾರವನ್ನು ಹಲ್ಲಿನಲ್ಲಿ ಕಡಿದರು. “ಸಹಾಯಕರು ಅಂದ್ರೆ?”

“ಗಾಡೀಲಿ ನಿಮ್ಮ ಜೊತೆ ಕೆಲಸ ಮಾಡೋರು. ನಿಮ್ಮ ಪ್ರಮಾಣಪತ್ರದಲ್ಲೇ ಅವರ ಹೆಸರೂ ಇರುತ್ತೆ.”

“ಹಂಗಾರೆ ಇದಾಳೆ. ಅನಿತಾ ಅಂತ ಬರಿ.”

ಅನಿತಾ ತಟ್ಟನೆ ತಿರುಗಿದಳು.

“ಸಂಬಂಧ?” ಮೇಘನಳ ಬೆರಳು ಗಾಳಿಯಲ್ಲಿ ನಿಂತಿತ್ತು.

ವನಜಮ್ಮ ಅನಿತಾಳನ್ನು ಮೇಲಿಂದ ಕೆಳಗೆ ನೋಡಿದರು, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ. “ಸಂಬಂಧ ಎಂತ ಹೇಳದು? ಸಂಬಳ ಕೇಳದೆ ಇರೋಳು ಅಂತ ಬರಿ.”

“ಇತರೆ ಅಂತ ಹಾಕ್ತೀನಿ. ಮಾರುವ ವಸ್ತು, ಹೂವು.”

“ಹೂವು, ಬೋಂಡ.”

“ಅಜ್ಜಿ, ಎರಡೂ ಒಂದೇ ಗಾಡೀಲಾ?”

“ಒಂದು ಜಗಲೀಲಿ ಮೂರು ಗಾಡಿ ನಿಲ್ಸಿದ್ದು ನಿನ್ನ ಫೋನೇ ಅಲ್ದ? ಒಂದು ಗಾಡೀಲಿ ಎರಡು ಸಾಮಾನು ನಿಲ್ಲಕ್ಕೆ ಅದಕ್ಕೆಂತ ರೋಗ? ಒತ್ತು, ಒತ್ತು.”

ಒತ್ತಿದಳು. ಚಕ್ರ ತಿರುಗತೊಡಗಿತು. ನಾಲ್ಕು ಐವತ್ತು. ಐವತ್ಮೂರು. ಯಾರೋ ಬಂದು ಒಂದು ಮೊಳ ಹೂ ಕೇಳಿದರು, ಯಾರೂ ಉತ್ತರಿಸಲಿಲ್ಲ. ಐವತ್ತಾರು. ಅನಿತಾಳಿಗೆ ಕಚ್ಚುವುದಕ್ಕೂ ಉಗುರು ಉಳಿದಿರಲಿಲ್ಲ. ಐವತ್ತೆಂಟಕ್ಕೆ ಹಸಿರು ಬಂತು.

ಮೇಘನ ಅಲ್ಲಿಂದಲೇ ಅನಿತಾಳ ಗಾಡಿಯ ಕಡೆ ಓಡಿ ಒಂದು ಫೋಟೋ ಹೊಡೆದಳು. ಚಕ್ರ ಅರ್ಧ ಸುತ್ತಿತು, ನಿಂತಿತು. ‘ಅವಧಿ ಮುಗಿದಿದೆ’ ಎಂದು ಬಂತು. ಹುಡುಗಿ ಅದನ್ನು ತೋರಿಸಲಾರದೆ ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

ಅನಿತಾ ಅದನ್ನು ನೋಡಲಿಲ್ಲ. ಅವಳು ಆಗಲೇ ಹೂವಿನ ಗಾಡಿಯ ಪಕ್ಕ ನಿಂತು ಹಲಗೆಯನ್ನು ಗೇಣು ಹಾಕಿ ಅಳೆಯುತ್ತಿದ್ದಳು. ಬರುವ ತಿಂಗಳಿಂದ ಇಲ್ಲಿ ಅರ್ಧ. ಸ್ಟವ್ ಈ ತುದಿಗೆ. ಬಾಣಲೆ ಚಿಕ್ಕದು ಬೇಕು. ಸಿಲಿಂಡರ್ ಕೆಳಗೆ ಹಿಡಿಯುತ್ತದೋ ಇಲ್ಲವೋ. ಎಣ್ಣೆ ಮತ್ತು ಮಲ್ಲಿಗೆಯ ನಡುವೆ ಒಂದು ತಗಡು ನಿಲ್ಲಿಸಬೇಕು. ಮೂರು ಗೇಣು, ನಾಲ್ಕು ಬೆರಳು. ಸಾಲದು ಅನ್ನಿಸಿ ಮತ್ತೆ ಮೊದಲಿಂದ ಅಳೆದಳು.

“ಎಂತ ಅಷ್ಟು ಅಳೀತಿ, ಸೈಟ್ ತಗಂಡಂಗೆ?” ವನಜಮ್ಮ ಅವಳ ಕೈಯನ್ನು ತಮ್ಮ ಅರ್ಧದಿಂದ ಆಚೆ ಸರಿಸಿದರು. “ಎಣ್ಣೆ ಸಿಡಿದು ನನ್ನ ಸೇವಂತಿಗೆ ಬೋಂಡ ಆಯ್ತೋ, ಅವತ್ತೇ ಕೆಲಸದಿಂದ ತೆಗೀತೀನಿ. ಬೆಳಿಗ್ಗೆ ಆರೂವರೆಗೆ ಬಾ. ಬರೋವಾಗ ನೀರಿನ ಕೊಡ ತುಂಬಿಸ್ಕೊಂಡು ಬಾ.”

“ಆರೂವರೆಗೆ ಬೋಂಡ ಯಾರು ತಿಂತಾರೆ ವನಜಮ್ಮ?”

“ಬೋಂಡಕ್ಕಲ್ಲ ಮಾರಾಯ್ತಿ. ಹೂ ಕಟ್ಟಕ್ಕೆ.”